ಅಪ್‌ಡೇಟ್: ಚಿಕನ್‌ಪಾಕ್ಸ್ ಬಂದ ಮಗುವನ್ನು ಶಾಲೆಗೆ ಕಳಿಸುವುದು ಯಾವಾಗ, ಜ್ವರಕ್ಕೆ ಏನು?

ಈ ಎರಡು ಪ್ರಶ್ನೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ವೈದ್ಯರಲ್ಲಿ ಖಚಿತಪಡಿಸಿಕೊಂಡದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

ಶಾಲೆಗೆ ದಿನ ಎಣಿಸಿ ಕಳಿಸುವುದಲ್ಲ, ಗುಳ್ಳೆ ನೋಡಿ ಕಳಿಸಬೇಕು. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟಬೇಕು. ಸಾಮಾನ್ಯವಾಗಿ 5ರಿಂದ 7 ದಿನ. ತೊಂದರೆಯೆಂದರೆ, ಗುಳ್ಳೆ ಏಳುವ 1–2 ದಿನ ಮೊದಲೇ ಸೋಂಕು ಹರಡಲು ಶುರುವಾಗಿರುತ್ತದೆ. ಹಾಗಾಗಿ ಜೊತೆಗಿದ್ದ ಮಕ್ಕಳ ಮೇಲೆ 21 ದಿನ ಕಣ್ಣಿಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ: ಒಂದು ಕೆಜಿ ತೂಕಕ್ಕೆ 15 ಮಿ.ಗ್ರಾಂ, ಎರಡು ಡೋಸ್ ನಡುವೆ ಕನಿಷ್ಠ 4–6 ಗಂಟೆ, ದಿನಕ್ಕೆ 4 ಸಲ ಮೀರಬಾರದು. ಆಸ್ಪಿರಿನ್ ಬೇಡವೇ ಬೇಡ. ಮಿದುಳು, ಯಕೃತ್ತಿಗೆ ಹಾನಿ ಮಾಡುವ ರೇಸ್ ಸಿಂಡ್ರೋಮ್ ಬರಬಹುದು. ಐಬುಪ್ರೊಫೆನ್ ಕೂಡ ಬೇಡ, ಚರ್ಮದ ಗಂಭೀರ ಸೋಂಕಿನ ಜೊತೆ ಅದರ ನಂಟಿದೆ.

ತುರಿಕೆಗೆ ಕ್ಯಾಲಮೈನ್ ಲೋಷನ್ ಸಾಕು, ಆದರೆ ಉಗುರು ಕತ್ತರಿಸದಿದ್ದರೆ ಅದೂ ವ್ಯರ್ಥ. ಕೆರೆದ ಗುಳ್ಳೆಯಲ್ಲಿ ಬ್ಯಾಕ್ಟೀರಿಯಾ ಸೇರಿ ಕೀವಾಗುತ್ತದೆ, ಕಲೆಯೂ ಉಳಿಯುತ್ತದೆ.

ಗುಳ್ಳೆಯ ಸುತ್ತ ಕೆಂಪು ಹರಡಿ ನೋವು, ಉಸಿರಾಟದ ಕಷ್ಟ, ಕುತ್ತಿಗೆ ಬಿಗಿತ, ವಿಪರೀತ ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಗರ್ಭಿಣಿಯಿದ್ದು, ಅವರಿಗೆ ಮೊದಲು ಈ ರೋಗ ಬಂದಿರದಿದ್ದರೆ ಗುಳ್ಳೆ ಏಳುವವರೆಗೂ ಕಾಯದೆ ಅಂದೇ ವೈದ್ಯರಿಗೆ ತಿಳಿಸಿ.