ಒಂದು ರ‍್ಯಾಮ್ ಕೆಟ್ಟಿದೆ: 8 ಜಿಬಿಯ ಜೊತೆ 4 ಜಿಬಿ ಹಾಕಬಹುದೇ?

ಪ್ರಶ್ನೆ (ಬದಿಯಡ್ಕದಿಂದ)

ಮಾನ್ಯರೇ, ನಾನು ಬದಿಯಡ್ಕದಲ್ಲಿ ಸಣ್ಣ ಡಿಟಿಪಿ ಕೇಂದ್ರ ನಡೆಸುತ್ತಿದ್ದೇನೆ. ಕನ್ನಡ, ಮಲಯಾಳ ಆಮಂತ್ರಣ ಪತ್ರಿಕೆಗಳ ಜೊತೆಗೆ ಈಗ ದೇವಸ್ಥಾನವೊಂದರ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯ ಪುಟವಿನ್ಯಾಸ ನಡೆದಿದೆ. ಕಂಪ್ಯೂಟರಿನಲ್ಲಿ 8 ಜಿಬಿಯ ಎರಡು ಡಿಡಿಆರ್4 (ನಾಲ್ಕನೆಯ ತಲೆಮಾರಿನ) 2666 ವೇಗದ ರ‍್ಯಾಮ್‌ಗಳಿದ್ದವು. ಕೆಲಸದ ನಡುವೆ ನೀಲಿ ಪರದೆ ಬರತೊಡಗಿ, ಈಗ ಒಂದನ್ನು ತೆಗೆದರೆ ಮಾತ್ರ ಯಂತ್ರ ಆನ್ ಆಗುತ್ತದೆ. ಉಳಿದ 8 ಜಿಬಿಯಲ್ಲಿ ಫೋಟೊಶಾಪ್ ಮತ್ತು ಪುಟವಿನ್ಯಾಸದ ತಂತ್ರಾಂಶಗಳನ್ನು ಒಟ್ಟಿಗೆ ತೆರೆದರೆ ಯಂತ್ರ ತೆವಳುತ್ತದೆ. ಹಳೆಯ ಕಂಪ್ಯೂಟರಿನಿಂದ ತೆಗೆದ, ಬೇರೆ ಕಂಪೆನಿಯ 4 ಜಿಬಿ ಡಿಡಿಆರ್4 2400 ನನ್ನಲ್ಲಿದೆ. ಅದನ್ನು ಹಾಕಿದರೆ ಮದರ್‌ಬೋರ್ಡಿಗೆ ಹಾನಿಯಾಗುವುದೇ? ಜೋಡಿ ಸರಿಹೊಂದದಿದ್ದರೆ ಒಂದೇ ಇರುವುದು ಮೇಲು ಎನ್ನುವವರಿದ್ದಾರೆ. ಯಂತ್ರ ಇಂಟೆಲ್‌ನದು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಉತ್ತರ 1 (ಕುಂಬಳೆಯಿಂದ)

ಹಾನಿಯಾಗುವುದಿಲ್ಲ, ಧೈರ್ಯವಾಗಿ ಹಾಕಿರಿ. ಎರಡೂ ಡಿಡಿಆರ್4 ಆಗಿರುವುದರಿಂದ ಎರಡಕ್ಕೂ ಬೇಕಾದ ಸಾಮಾನ್ಯ ವೋಲ್ಟೇಜ್ 1.2 ಮಾತ್ರ. ಡಿಡಿಆರ್3 ಆಗಿದ್ದರೆ ಅದರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಸ್ಲಾಟಿನಲ್ಲಿ ಕೂರುತ್ತಲೇ ಇರಲಿಲ್ಲ. ವೇಗ ಮಾತ್ರ ನಿಧಾನದ್ದಕ್ಕೆ ಹೊಂದಿಕೊಂಡು, ಎರಡೂ 2400ರಲ್ಲಿ ಓಡುತ್ತವೆ. ನಿಮ್ಮ ಕೆಲಸದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ.

ಒಂದೇ ಇರಲಿ ಎಂಬ ಮಾತನ್ನು ನಿಮ್ಮ ಯಂತ್ರದ ಮಟ್ಟಿಗೆ ನಾನು ಒಪ್ಪುವುದಿಲ್ಲ. ಇಂಟೆಲ್ ಯಂತ್ರಗಳಲ್ಲಿ ಫ್ಲೆಕ್ಸ್ ಮೆಮೊರಿ ಎಂಬ ವ್ಯವಸ್ಥೆಯಿದೆ: ಎರಡು ಚಾನೆಲ್‌ಗಳಲ್ಲಿ (ರ‍್ಯಾಮ್ ಮತ್ತು ಪ್ರೊಸೆಸರ್ ನಡುವಿನ ದಾರಿಗಳು; ಎರಡೂ ಒಟ್ಟಿಗೆ ಬಳಕೆಯಾದರೆ, ಅಂದರೆ ಡ್ಯುಯಲ್ ಆದರೆ, ವೇಗ ಹೆಚ್ಚು) 8 ಮತ್ತು 4 ಜಿಬಿ ಇದ್ದಾಗ, ಎರಡೂ ಕಡೆಯಿಂದ 4 ಜಿಬಿಯಂತೆ ಸೇರಿ 8 ಜಿಬಿ ಡ್ಯುಯಲ್ ಚಾನೆಲ್‌ನಲ್ಲಿ ಕೆಲಸ ಮಾಡುತ್ತದೆ, ಮಿಕ್ಕ 4 ಜಿಬಿ ಮಾತ್ರ ಸಿಂಗಲ್ ಚಾನೆಲ್‌ನಲ್ಲಿ ಉಳಿಯುತ್ತದೆ. ಈಗ ನಿಮ್ಮಲ್ಲಿರುವ 8 ಜಿಬಿ ಪೂರ್ತಿಯಾಗಿ ಸಿಂಗಲ್ ಚಾನೆಲ್ ಎಂಬುದನ್ನು ಗಮನಿಸಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಕೆಲಸಕ್ಕೂ ಇದೇ ರ‍್ಯಾಮ್ ಬಳಕೆಯಾಗುವುದರಿಂದ, ಗಾತ್ರ, ವೇಗ ಎರಡರಲ್ಲೂ ನಿಮಗೆ ಲಾಭವೇ ಇದೆ. ರ‍್ಯಾಮ್ ಸಾಲದೆ ವಿಂಡೋಸ್ ಡಿಸ್ಕಿನ ಮೊರೆಹೋಗುವಾಗ ಆಗುವ ನಿಧಾನದ ಮುಂದೆ 2666 ಮತ್ತು 2400ರ ಅಂತರ ಏನೇನೂ ಅಲ್ಲ. ಬಯೋಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳ ಪರದೆ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಸಾಮಾನ್ಯಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆನ್ ಇದ್ದರೆ ಆಫ್ ಮಾಡಿ. ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರಬಹುದು. ಗಾಬರಿಯಿಂದ ಸ್ವಿಚ್ ಆರಿಸಬೇಡಿ.

ಉತ್ತರ 2 (ಮಂಜೇಶ್ವರದಿಂದ)

ಮೇಲಿನವರು ಹೇಳಿದ್ದು ಸರಿ. ಆದರೆ ಕೆಟ್ಟಿರುವುದು ರ‍್ಯಾಮೋ ಸ್ಲಾಟೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಪ್ಲಗ್ ತೆಗೆದು, ಚೆನ್ನಾಗಿರುವ ರ‍್ಯಾಮನ್ನು ಸಂಶಯವಿರುವ ಸ್ಲಾಟಿಗೆ ಹಾಕಿ ನೋಡಿ. ಅಲ್ಲೂ ಯಂತ್ರ ಆನ್ ಆದರೆ ಸ್ಲಾಟ್ ಬಹುಮಟ್ಟಿಗೆ ಸರಿಯಿದೆ ಎಂದೇ ಅರ್ಥ. ಕೆಟ್ಟದ್ದೆಂದು ತೆಗೆದಿಟ್ಟದ್ದನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಣಗಿಸಿ ಮತ್ತೊಮ್ಮೆ ಪರೀಕ್ಷಿಸಿರಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಂಚಿನ ಪಿನ್‌ಗಳ ಮೇಲೆ ಕೊಳೆಯ ಪೊರೆ ಕೂತು ಸಂಪರ್ಕ ತಪ್ಪುವುದುಂಟು.

ಹಳೆಯ 4 ಜಿಬಿಯನ್ನು ನಂಬುವ ಮೊದಲು, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಎರಡನ್ನೂ ಒಟ್ಟಿಗಿಟ್ಟು ರಾತ್ರಿಯಿಡೀ ಓಡಿಸಿರಿ. ಒಂದೇ ಒಂದು ದೋಷ ಕಂಡರೂ ಆ ಜೋಡಿಯಲ್ಲಿ ಕೆಲಸ ಮಾಡಬೇಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ: ದೋಷವಿರುವ ರ‍್ಯಾಮ್ ಯಾವಾಗಲೂ ನೀಲಿ ಪರದೆ ತೋರಿಸುವುದಿಲ್ಲ, ಸೇವ್ ಮಾಡುವ ಕಡತದಲ್ಲೇ ಸದ್ದಿಲ್ಲದೆ ತಪ್ಪು ಸೇರಿಸಬಲ್ಲದು. ದಾನಿಗಳ ಹೆಸರು, ಹಳೆಯ ಭಾವಚಿತ್ರಗಳಿರುವ ಸಂಚಿಕೆಯ ಪುಟ ತೆರೆಯದೆ ಹೋದರೆ ಮತ್ತೆ ಸಂಗ್ರಹಿಸುವುದು ಸುಲಭವಲ್ಲ. ನೀಲಿ ಪರದೆ ಬರುತ್ತಿದ್ದ ದಿನಗಳಲ್ಲಿ ಸೇವ್ ಮಾಡಿದ ಪುಟಗಳನ್ನು ಈಗಲೇ ಒಂದೊಂದಾಗಿ ತೆರೆದು ನೋಡಿರಿ, ಅದಕ್ಕಿಂತ ಹಿಂದಿನ ಬ್ಯಾಕಪ್ ಅಳಿಸಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬೋರ್ಡಿನಲ್ಲಿ ನಾಲ್ಕು ಸ್ಲಾಟ್‌ಗಳಿವೆ. ಯಾವುದಕ್ಕೆ ಹಾಕಲಿ? ಕೆಟ್ಟದ್ದನ್ನು ಎಸೆಯಬಹುದೇ?

ಉತ್ತರ 3 (ನೀರ್ಚಾಲಿನಿಂದ)

ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಿಗೆ. ಬೋರ್ಡಿನ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಅನುಸರಿಸಿ. ಸಿಪಿಯು-ಝಡ್ ತಂತ್ರಾಂಶದ ಮೆಮೊರಿ ಪುಟದಲ್ಲಿ ಚಾನೆಲ್ ಯಾವುದೆಂದು ಕಾಣುತ್ತದೆ. ಕೆಟ್ಟದ್ದನ್ನು ಎಸೆಯಬೇಡಿ. ರ‍್ಯಾಮ್‌ಗಳಿಗೆ ಹಲವು ತಯಾರಕರು ದೀರ್ಘ ವಾರಂಟಿ ಕೊಡುತ್ತಾರೆ, ಬಿಲ್ ಹುಡುಕಿ ನೋಡಿರಿ. ಜೋಡಿಯಾಗಿ ಕೊಂಡದ್ದಾದರೆ ಕೆಲವರು ಎರಡನ್ನೂ ಕಳುಹಿಸಲು ಹೇಳುತ್ತಾರೆ. ಹಾಗಾದರೆ ಸಂಚಿಕೆ ಮುದ್ರಣಕ್ಕೆ ಹೋಗುವವರೆಗೆ ಕಾಯಿರಿ, ಇಲ್ಲದಿದ್ದರೆ ಬರೇ 4 ಜಿಬಿಯಲ್ಲಿ ಪುಟ ಮುಗಿಸಬೇಕಾದೀತು.