ಸ್ಯಾಂಪಲ್ ತುಂಡಿನ್ಯಾಗ ಕೌದಿ ಆಗ್ತೈತೇನ್ರಿ?

ಜತ್ತಿನ ಸೊಸಿ:
ಮೈದುನನ ಬಟ್ಟಿ ಅಂಗಡ್ಯಾಗ ಹಳೇ ಸ್ಯಾಂಪಲ್ ಪುಸ್ತಕದ ತುಂಡು ಒಂದು ಗೋಣಿಚೀಲ ಬಿದ್ದಾವ. ಶರ್ಟಿಂದು, ಪ್ಯಾಂಟಿಂದು, ಪಡದೇದು ಎಲ್ಲಾ ಕೂಡ್ಯಾವ. ಐದಿಂಚಿನ ಚೌಕ ಬಹಳ, ಅಂಚು ಹಲ್ಲುಹಲ್ಲಾಗಿ ಕತ್ತರಿಸ್ಯಾರ. 5 ಅಡಿ ಅಗಲ, ಏಳೂವರೆ ಅಡಿ ಉದ್ದದ ಕೌದಿಗೆ ಎಷ್ಟು ತುಂಡು ಬೇಕ್ರಿ? ಮನ್ಯಾಗ ಹೊಲಿಗಿ ಮಷಿನ್ ಐತಿ. ಮೊದಲು ತೊಳೀಬೇಕೇನು?

ಅಕ್ಕಲಕೋಟ ಕಾಕು:
ಲೆಕ್ಕ ಆಮ್ಯಾಲ ತಂಗಿ, ಮೊದಲು ಚೀಲ ಸುರುವಿ ಆರಿಸು. ಹಿಂದ ರಬ್ಬರ್ ಹಚ್ಚಿದ ಪಡದೆ ಬಟ್ಟಿ ತೆಗೆದಿಡು, ಕೈಸೂಜಿ ಇಳಿಯಂಗಿಲ್ಲ. ಸಂತಿ ಚೀಲ ಹೊಲಿ ಬೇಕಾದ್ರ. ನೂಲಿಂದೋ ಪಾಲಿಸ್ಟರೋ ತಿಳೀದಿದ್ರ ಎರಡು ಎಳಿ ಚಿಮಟದಾಗ ಹಿಡಿದು ಸುಡು. ನೂಲಿಂದಾದ್ರ ಕಾಗದ ಸುಟ್ಟ ವಾಸನಿ, ಬೂದಿ ಬೆರಳಾಗ ಪುಡಿಯಾಗ್ತದ. ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗ್ತದ. ಹೊದ್ಕೊಳ್ಳಿಕ್ಕೆ ನೂಲಿಂದೇ ಚಂದ.

ತೊಳಿಯೋದು ಬಕೆಟ್‌ನ್ಯಾಗ. ವಾಷಿಂಗ್ ಮಷಿನ್‌ಗೆ ಹಾಕಿದ್ರ ಎಳಿ ಬಿಚ್ಚಿ ಎಲ್ಲಾ ಗಂಟಾಗ್ತದ. ಬಿಸಿನೀರಾಗ ನೆನೆಸಿದ್ರ ಚೀಟಿ ಅಂಟಿಸಿದ ಗೋಂದೂ ಮೆತ್ತಗಾಗ್ತದ, ಬಟ್ಟಿ ಕುಗ್ಗೋದು ಇದ್ರ ಈಗ ಕುಗ್ತದ. ಕೆಂಪು, ಕಡುನೀಲಿ ಬ್ಯಾರೆ ನೆನೆಸು, ಜೋಡಿ ಒಂದು ಬಿಳಿ ಚಿಂದಿ ಹಾಕು. ಬಣ್ಣ ಬಿಡೋದು ಅದರಾಗ ಕಾಣ್ತದ.

ಮಷಿನ್ ಮ್ಯಾಲ ಜೋಡಿಸಿದ್ರ ಸುತ್ತ ಕಾಲಿಂಚು ಒಳಗ ಹೋಗಿ ಐದಿಂಚಿನ ಚೌಕ ನಾಲ್ಕೂವರೆ ಉಳೀತದ. ಅಡ್ಡ 14, ಉದ್ದ 20, ಒಟ್ಟು 280 ತುಂಡು. ನನಗಂತೂ ಆ ಚೌಕ ಚೌಕದ ಲೆಕ್ಕ ಬ್ಯಾಸರ. ಕೌದಿ ಹಂಗ ಹುಟ್ಟಂಗಿಲ್ಲ! ಹಳೇ ನೂಲಿನ ಸೀರಿ ನಡುವ ಕತ್ತರಿಸಿ ಎರಡೂ ಪಾಲು ಬಾಜೂಕ ಬಾಜೂಕ ಜೋಡಿಸು, ಅಗಲ ಸಾಕಾಗಿ ಮಿಗ್ತದ. ಅಂಥಾವು ಎರಡು-ಮೂರು ಪದರ ನೆಲದ ಮ್ಯಾಲ ಹಾಸಿ, ಸುಕ್ಕು ತೆಗೆದು, ಅಲ್ಲಲ್ಲಿ ಕಚ್ಚಾ ಹೊಲಿಗಿ ಹಾಕು. ಆಮ್ಯಾಲ ಅಂಚಿನಿಂದ ತುಂಡು ಇಡ್ಕೋತ, ತುಂಡಿನ ಅಂಚು ಒಳಗ ಮಡಚಿ, ಸಾಲುಸಾಲಾಗಿ ದಾರ ಹಾಕ್ಕೋತ ಸುತ್ತಿ ನಡುವಿಗೆ ಬಾ. ಅದ ಹೊಲಿಗಿ ತುಂಡೂ ಹಿಡೀತದ, ಪದರೂ ಹಿಡೀತದ. ಮಡಚೋದು ಕಾಲಿಂಚಿಗಿಂತ ತುಸು ಹೆಚ್ಚಿರ್ಲಿ, ಹಲ್ಲು ಹೊರಗ ಕಾಣಬಾರದು. ತುಂಡು ಸಣ್ಣದು ದೊಡ್ಡದು ಇದ್ರೂ ನಡೀತದ.

ಸೋಲಾಪುರದಾವ:
ಇಷ್ಟೆಲ್ಲಾ ಯಾಕ್ರಿ? ನಮ್ಮೂರ ಚಾದರ ಒಂದು ಒಯ್ರಿ, ಮುಗೀತು.

ಅಕ್ಕಲಕೋಟ ಕಾಕು:
ಚಾದರ ನಮ್ಮ ಮನ್ಯಾಗೂ ಅದಾವಪ್ಪ. ಆ ಗೋಣಿಚೀಲ ಏನ್ ಮಾಡ್ಬೇಕು, ಅದನ್ನ ಹೇಳು!
ತಂಗಿ, ಪ್ಯಾಂಟಿನ ದಪ್ಪ ತುಂಡು ಭಾಳ ಹಾಕಬ್ಯಾಡ. ನವರಾತ್ರಿ ಘಟಸ್ಥಾಪನಾಕ್ಕ ಮೊದಲ ಮನೀ ಹಾಸಿಗಿ ಹೊದಿಕಿ ಎಲ್ಲಾ ತೊಳಿಯಾಕ ತೆಗೀತೀವಲ್ಲ, ನೆನೆದ ಕೌದಿ ಎತ್ತಾಕಿ ನೀನ.

ಜತ್ತಿನ ಸೊಸಿ:
ಪ್ಯಾಂಟಿನದು ಬಿಟ್ಟೆ ಕಾಕು. ಕೆಳಗಿನ ಪದರಿಗೆ ಹಾಕಲಿಕ್ಕೆ ಅತ್ತಿಯವರ ಹಳೇ ಇಳಕಲ್ ಸೀರಿ ನಡೀತಾವೇನ್ರಿ?

ಅಕ್ಕಲಕೋಟ ಕಾಕು:
ಒಡಲು ನೂಲಿಂದಿದ್ರ ಭೇಷ್ ನಡೀತದ. ಸೆರಗು ರೇಷ್ಮಿ ಇರ್ತದ, ಅದನ್ನ ಕತ್ತರಿಸಿ ತೆಗೆದು ಅತ್ತಿ ಕೈಗೆ ಕೊಡು. ಕತ್ತರಿ ಹಾಕೂ ಮೊದಲ ಅವರನ್ನ ಕೇಳು ಮತ್ತ.