ಅಪ್‌ಡೇಟ್: ಅಮ್ಮನ ಕೀಲುನೋವು, ಥೈರಾಯ್ಡ್ ಮಾತ್ರೆ

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೂ ಅಮ್ಮನಿಗೆ ವಿಪರೀತ ಕೀಲುನೋವು, ಥೈರಾಯ್ಡ್ ಕೂಡ ಹತೋಟಿಗೆ ಬರುತ್ತಿಲ್ಲ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆ.

ನೀವು ಹೇಳಿದ ಹಾಗೆ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಸಕಲೇಶಪುರದಿಂದ ಹಾಸನಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಅಮ್ಮ ಥೈರಾಯ್ಡ್ ಮಾತ್ರೆಯ ಹಿಂದೆಯೇ ಕ್ಯಾಲ್ಸಿಯಂ ನುಂಗುತ್ತಿದ್ದರು. ಹಾಗೆ ಮಾಡಿದರೆ ಥೈರಾಯ್ಡ್ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಡುವೆ 4 ಗಂಟೆ ಬಿಡಬೇಕು. ಇಷ್ಟು ದಿನ ಯಾರೂ ಹೇಳಿರಲಿಲ್ಲ! ಈಗ ಕ್ಯಾಲ್ಸಿಯಂ ಮಧ್ಯಾಹ್ನ ಊಟದ ಜೊತೆ. ಬೆಳಗಿನ ಕಾಫಿಯೂ ಒಂದು ಗಂಟೆ ತಡ. ಮಲೆನಾಡಿನವರಿಗೆ ಅದು ಕಷ್ಟ ಅಲ್ವಾ, ಆದರೂ ಕಾಯುತ್ತಾರೆ.

ಕೀಲುನೋವು ಲೆಟ್ರೊಜೋಲ್‌ನಿಂದ, ಅಂದರೆ ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ಅಮ್ಮ ಈಗಲೂ ನುಂಗುವ ಮಾತ್ರೆಯಿಂದ. ಅದನ್ನು ಸುಮ್ನೆ ನಿಲ್ಲಿಸಬೇಡಿ, ದಿನಾ ನಡೆಯಿರಿ ಅಂದರು ಡಾಕ್ಟರ್. ಆ ಮಾತ್ರೆಯಿಂದ ಮೂಳೆಯೂ ಸವೆಯಬಹುದಂತೆ, ಅದಕ್ಕೆ ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ನಿನ್ನೆ ಅಮ್ಮ ತೋಟದ ದಾರಿಯಲ್ಲಿ ಅರ್ಧ ಗಂಟೆ ನಡೆದರು.